ಮೂರು ಗಜ ಕೂಡಿಸಿ

ಅಳತೆಯ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಲು ಬಂದರೆ ನನಗೆ ಮೈ ಉರಿಯುತ್ತದೆ. ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರಿನ ಗೇರು ಮಾಡುವ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ನಾನು ಮಾಡಿದ ಕೆಲಸವೇ ಅದು. ಅಲ್ಲಿ ಕೆಲಸಗಾರರು ಬಳಸುವ ಒಂದೊಂದು ಅಳತೆ ಉಪಕರಣವೂ ಮೊದಲು ನನ್ನ ಮೇಜಿಗೆ ಬರಬೇಕು. ನಾನು ಪರೀಕ್ಷೆ ಮಾಡಿ, ಹಸಿರು ಚೀಟಿ ಅಂಟಿಸಿ, ಸಹಿ ಹಾಕಿದ ಮೇಲೆಯೇ ಅದು ಯಂತ್ರದ ಹತ್ತಿರ ಹೋಗಬೇಕು. ಹಸಿರು ಚೀಟಿ ಇರುವ ಉಪಕರಣವನ್ನು ಯಾರೂ ಮತ್ತೆ ಪರೀಕ್ಷಿಸುತ್ತಿರಲಿಲ್ಲ. ಪರೀಕ್ಷಿಸಿದರೆ ನನ್ನನ್ನು ನಂಬಲಿಲ್ಲ ಎಂದೇ ಅರ್ಥ, ಅದು ಅಲ್ಲಿನ ರೂಢಿ.

ಆರ್ಥಿಕ ಹಿಂಜರಿತದ ಆ ವರ್ಷ ನಮ್ಮ ಅಳತೆ ಕೋಣೆಯನ್ನೇ ಮುಚ್ಚಿದರು. ಹೆಂಡತಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸವಿತ್ತು, ಹಾಗಾಗಿ ಮನೆ ನಡೆಯಿತು. ನಾನು ಬೆಳಿಗ್ಗೆ ಮಗಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ ಬಂದು ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಪರಿಚಯದವರು ಫೋನ್ ಮಾಡಿ “ಏನಾಯ್ತು?” ಎಂದರೆ “ಅಪ್ಲೈ ಮಾಡಿದೀನಿ” ಎನ್ನುವುದು, ಫೋನ್ ಇಡುವುದು. ಮಧ್ಯಾಹ್ನದ ಹೊತ್ತಿಗೆ ಮನೆಯ ಗೋಡೆಗಳೇ ನನ್ನನ್ನು ದುರುಗುಟ್ಟಿ ನೋಡುತ್ತಿದ್ದವು.

ನನ್ನಂತೆಯೇ ಹಗಲಲ್ಲಿ ಮನೆಯಲ್ಲಿರುತ್ತಿದ್ದ ಇನ್ನೊಬ್ಬರು ಪಕ್ಕದ ಮನೆಯ ಮುದುಕ. ಇಲ್ಲಿಯದೇ ಹುಟ್ಟು ಬೆಳವಣಿಗೆ. ನಮ್ಮ ಕಾರ್ಖಾನೆಯಲ್ಲೇ ಅಚ್ಚು ತಯಾರಿಸುವ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು. ನನಗಿಂತ ಮೂರು ತಿಂಗಳು ಮೊದಲು ಅವರನ್ನು ಮನೆಗೆ ಕಳಿಸಿದ್ದರು. ಅದು ಸಾಲದು ಎಂಬಂತೆ ಆ ಚಳಿಗಾಲದಲ್ಲಿ ಅವರ ಎಡಗಣ್ಣಿನ ಹಿಂಭಾಗದ ಪೊರೆ, ಅಂದರೆ ರೆಟಿನಾ, ಕಿತ್ತುಬಂದು, ಆಪರೇಷನ್ ಆದರೂ ದೃಷ್ಟಿ ಮರಳಲಿಲ್ಲ. ಬಲಗಣ್ಣು ಚೆನ್ನಾಗಿಯೇ ಇತ್ತು. ಆದರೆ ದೂರ ಎಷ್ಟು, ಹತ್ತಿರ ಎಷ್ಟು ಎನ್ನುವುದು ಎರಡು ಕಣ್ಣು ಸೇರಿ ಮಾಡುವ ಲೆಕ್ಕವಂತೆ. ಒಂದು ಸಲ ನನ್ನೆದುರಿಗೇ ಕಾಫಿಯನ್ನು ಕಪ್ಪಿನ ಪಕ್ಕದಲ್ಲಿ, ನೇರ ಮೇಜಿನ ಮೇಲೆ ಸುರಿದರು. ಅವರ ಹೆಂಡತಿ ಬಟ್ಟೆ ತಂದು ಒರೆಸಿದರು.

ಆಗಸ್ಟಿನಲ್ಲಿ ಒಂದು ದಿನ ಬೇಲಿಯ ಹತ್ತಿರ ನನ್ನನ್ನು ಕರೆದು ಅವರು ಒಂದು ಸಹಾಯ ಕೇಳಿದರು. ಅವರ ಇಂಗ್ಲಿಷನ್ನು ನನಗೆ ನೆನಪಿರುವ ಹಾಗೆ ಕನ್ನಡದಲ್ಲೇ ಬರೆಯುತ್ತೇನೆ.

“ಪ್ರತಿ ಅಕ್ಟೋಬರ್‌ನಲ್ಲಿ ನಾನು ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗ್ತೀನಿ, ನಿನಗೆ ಗೊತ್ತಲ್ಲ. ದೂರವನ್ನ ಕಣ್ಣಲ್ಲೇ ಅಳೀತಿದ್ದೆ. ಈಗ ಆಗಲ್ಲ. ದೂರ ಹೇಳೋ ರೇಂಜ್‌ಫೈಂಡರ್ ಅಂತ ಒಂದು ಯಂತ್ರ ಇದೆ, ಜೇಬಲ್ಲಿ ಇಟ್ಕೊಳೋದು. ಕಮ್ಮಿ ಬೆಲೇದು, ಆದರೆ ಸುಳ್ಳು ಹೇಳದೇ ಇರೋದು ಒಂದು ಆರಿಸಿಕೊಡು. ನೀನು ಅಳತೆಯವನು.”

ಬೇಲಿಯ ಮರ ಕೆರೆಯುತ್ತಾ ಮತ್ತೆ ಹೇಳಿದರು. “ಈ ವರ್ಷ ಒಂದು ಹೊಡೆದರೆ ನಾನಿನ್ನೂ ಕೆಲಸಕ್ಕೆ ಬರೋನು ಅಂತ. ಇಲ್ಲ ಅಂದ್ರೆ ಬಿಲ್ಲು ಮಾರಿಬಿಡ್ತೀನಿ. ಕಾರಿನ ಕೀಲಿಕೈನೂ ಅವಳ ಕೈಗೆ ಕೊಟ್ಟು ಸುಮ್ಮನೆ ಕೂತ್ಕೊಳ್ತೀನಿ.”

ತಮಾಷೆಯ ದನಿಯಲ್ಲೇ ಹೇಳಿದರು. ತಮಾಷೆ ಅಲ್ಲವೆಂದು ನನಗೆ ಗೊತ್ತಾಯಿತು. ನಾನೂ ಅದೇ ದೋಣಿಯಲ್ಲಿದ್ದೆನಲ್ಲ.

ನಮ್ಮ ಮನೆಯಲ್ಲಿ ಈ ಸುದ್ದಿ ಕೇಳಿ ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. “ಆಚಾರ ಹೇಳೋಕೆ, ಬದನೇಕಾಯಿ ತಿನ್ನೋಕೆ! ಏಕಾದಶಿ ದಿನ ಈರುಳ್ಳಿ ಮುಟ್ಟಲ್ಲ ನೀವು. ಈಗ ಜಿಂಕೆ ಹೊಡೆಯೋ ಮಷೀನ್ ಸೆಲೆಕ್ಟ್ ಮಾಡ್ತೀರಾ?”

“ನಾನು ಹೊಡೀತಿಲ್ಲ ಕಣೇ. ಅಳತೆ ನೋಡಿಕೊಡ್ತಿದೀನಿ ಅಷ್ಟೇ.”

“ಪಾಪ ಎಲ್ಲಾ ಅಳತೆ ಪ್ರಕಾರ ಬರತ್ತೆ ಬಿಡಿ.”

ಮಗಳು ಪುಸ್ತಕದಿಂದ ತಲೆಯೆತ್ತದೆ “ಅಪ್ಪಾ, ದಟ್ಸ್ ಸೋ ಗ್ರೋಸ್” ಎಂದು ಅಸಹ್ಯಪಟ್ಟುಕೊಂಡಳು. ಅಲ್ಲಿಗೆ ಮನೆಯ ಅಭಿಪ್ರಾಯ ಸಂಗ್ರಹ ಮುಗಿಯಿತು.

ನಾನು ಮಾತ್ರ ತಿಂಗಳುಗಳ ಮೇಲೆ ಮೊದಲ ಸಲ ಖುಷಿಯಾಗಿದ್ದೆ. ಕೆಲಸ ಸಿಕ್ಕಿತ್ತಲ್ಲ! ಎರಡು ವಾರ ಅಳೆದೂ ಸುರಿದೂ ಓದಿದೆ. ರೇಂಜ್‌ಫೈಂಡರ್ ಎಂದರೆ ಅರ್ಧ ದುರ್ಬೀನಿನ ಹಾಗಿರುವ ಒಂದು ಡಬ್ಬಿ. ಒಂದು ಕಣ್ಣಿಟ್ಟು ನೋಡಿ ಗುಂಡಿ ಒತ್ತಿದರೆ ಲೇಸರ್ ಕಿರಣ ಹೋಗಿ ಎದುರಿನ ವಸ್ತುವಿಗೆ ತಾಗಿ ಹಿಂತಿರುಗುತ್ತದೆ, ದೂರ ಎಷ್ಟು ಗಜ ಎಂದು ಒಳಗೆ ಅಂಕಿ ಮೂಡುತ್ತದೆ. ಒಂದು ಕಣ್ಣು ಸಾಕು ಎನ್ನುವುದೇ ಅವರಿಗೆ ದೊಡ್ಡ ಅನುಕೂಲ. ಪೆಟ್ಟಿಗೆಯ ಮೇಲೆ ಆರುನೂರು ಗಜ, ಎಂಟುನೂರು ಗಜ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅದೆಲ್ಲ ಹೊಳೆಯುವ ಬೋರ್ಡಿಗೆ ಗುರಿಯಿಟ್ಟಾಗಿನ ಮಾತು. ಜಿಂಕೆಯ ಚರ್ಮ ಹೊಳೆಯುವುದಿಲ್ಲ. ಅದೂ ಅಲ್ಲದೆ ಬಿಲ್ಲಿನವನಿಗೆ ನಲವತ್ತು ಗಜದಾಚೆಗಿನ ಜಿಂಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆ ಆರುನೂರಕ್ಕೆ ಹಣ ಕೊಡುವುದು ಶುದ್ಧ ದಡ್ಡತನ.

ಇನ್ನೊಂದು ಆಮಿಷ ಇಳಿಜಾರಿನ ಲೆಕ್ಕ. ಮರದ ಮೇಲೆ ಕೂತು ಕೆಳಗೆ ಹೊಡೆಯುವವರಿಗೆ ಕೋನ ಕಳೆದು ನಿಜವಾದ ದೂರ ತೋರಿಸುತ್ತದೆ ಎಂದು ಬೆಲೆ ಹೆಚ್ಚು ಮಾಡಿರುತ್ತಾರೆ. ಇವರು ಕೂರುವ ಅಟ್ಟಣೆ ಹದಿನೈದು ಅಡಿ ಎತ್ತರ. ಕಾಗದದ ಮೇಲೆ ತ್ರಿಕೋನ ಬರೆದು ನೋಡಿದೆ. ಇಪ್ಪತ್ತೈದು ಗಜದಲ್ಲಿ ವ್ಯತ್ಯಾಸ ಅರ್ಧ ಗಜವೂ ಬರಲಿಲ್ಲ. ಅದನ್ನೂ ಹೊಡೆದುಹಾಕಿದೆ. ಬೇಕಾದದ್ದು ಬೇರೆ. ಮುಸ್ಸಂಜೆಯ ಮಬ್ಬಿನಲ್ಲೂ ಕಾಣುವ ದಪ್ಪ ಅಂಕಿ, ಕೈಗವಸು ಹಾಕಿದ ಒಂದೇ ಕೈಯಲ್ಲಿ ಒತ್ತಬಹುದಾದ ಗುಂಡಿ, ಒತ್ತಿದಾಗ ಟಕ್ ಎನ್ನದಿರುವುದು, ನೀರು ಹೆಪ್ಪುಗಟ್ಟುವ ಚಳಿಯಲ್ಲೂ ಸಾಯದ ಬ್ಯಾಟರಿ. ಅಂಗಡಿಗೆ ಇಬ್ಬರೂ ಹೋದೆವು. ಮಾರುವ ಹುಡುಗಿ ದುಬಾರಿಯದನ್ನೇ ಕೈಗೆ ಕೊಡುತ್ತಿದ್ದಳು, ನಾನು ವಾಪಸು ಇಡುತ್ತಿದ್ದೆ. ಕೊನೆಗೆ ಹಿಂದಿನ ವರ್ಷದ ಮಾದರಿಯೊಂದು, ಪೆಟ್ಟಿಗೆ ಸ್ವಲ್ಪ ನಜ್ಜಾಗಿದೆ ಎಂದು ಮೂಲೆಗೆ ತಳ್ಳಿದ್ದು, ಅರ್ಧ ಬೆಲೆಗೆ ಸಿಕ್ಕಿತು. ಮುದುಕ ಬಲಗಣ್ಣಿಗೆ ಇಟ್ಟು ಅಂಗಡಿಯ ಆ ಕೊನೆಯ ಗಡಿಯಾರ ನೋಡಿ, “ಮೂವತ್ತೆಂಟು” ಎಂದು ಜೋರಾಗಿ ಓದಿದರು. ಓದಲು ಕಲಿತ ಮಗುವಿನ ಮುಖ ಹಾಗಿರುತ್ತದೆ.

“ಮೊದಲು ನಾನು ಚೆಕ್ ಮಾಡಿ ಕೊಡ್ತೀನಿ” ಎಂದು ಅದನ್ನು ನನ್ನ ಜೇಬಿಗೆ ಹಾಕಿಕೊಂಡೆ.

ಪರೀಕ್ಷೆಗೆ ಒಂದು ಖಚಿತವಾದ ದೂರ ಬೇಕಲ್ಲ. ನನ್ನ ಮನೆಯಲ್ಲಿದ್ದ ಟೇಪು ಇಪ್ಪತ್ತೈದೇ ಅಡಿಯದು. ಆದರೆ ಕರ್ನಾಟಕದ ಗಂಡಸಿಗೆ ಖಚಿತವಾದ ದೂರ ಎಂದರೆ ಒಂದೇ ಒಂದು: ಕ್ರಿಕೆಟ್ ಪಿಚ್ಚು, ಇಪ್ಪತ್ತೆರಡು ಗಜ. ಇದನ್ನು ಅಪ್ಪ ಅಮ್ಮನ ಹೆಸರಿನಷ್ಟೇ ಚಿಕ್ಕಂದಿನಲ್ಲಿ ಕಲಿತಿರುತ್ತೇವೆ. ನಮ್ಮ ಕನ್ನಡದವರ ಗುಂಪು ಭಾನುವಾರಗಳಲ್ಲಿ ಆಡುವ ಪಿಚ್ಚು ನಮ್ಮ ಬಡಾವಣೆಯ ಹಿಂದಿನ ಪಾರ್ಕಿನಲ್ಲೇ ಇತ್ತು. ಎರಡು ಕಡೆಯೂ ಸ್ಟಂಪಿನ ಜಾಗಕ್ಕೆ ನೆಲದಲ್ಲಿ ಕಬ್ಬಿಣದ ಕೊಳವೆ ಹೂತಿತ್ತು. ಏಳು ವರ್ಷದಿಂದ ಅಲ್ಲೇ ಬೌಲ್ ಮಾಡುತ್ತಿದ್ದೆ. ನಲವತ್ತಮೂರರ ವಯಸ್ಸಿನಲ್ಲೂ ನನ್ನ ಚೆಂಡಿನ ವೇಗಕ್ಕೆ ಇಪ್ಪತ್ತೈದರ ಹುಡುಗರು ಹೆದರುತ್ತಿದ್ದರು. ಆ ಹೆಮ್ಮೆ ಬೇರೆ.

ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಯ ಸ್ಟಂಪಿಗೆ ಗುರಿಯಿಟ್ಟು ಗುಂಡಿ ಒತ್ತಿದೆ. ಹತ್ತೊಂಬತ್ತು. ಮತ್ತೆ ಒತ್ತಿದೆ. ಹತ್ತೊಂಬತ್ತು. ಈ ಕಡೆಯಿಂದ ಆ ಕಡೆಗೆ ನಡೆದು ಅಲ್ಲಿಂದ ಒತ್ತಿದೆ. ಹತ್ತು ಸಲ ಒತ್ತಿದರೂ ಹತ್ತೊಂಬತ್ತೇ.

ಬೇರೆಯವನಾಗಿದ್ದರೆ ಯಂತ್ರ ಕೆಟ್ಟಿದೆ ಎಂದು ವಾಪಸು ಕೊಡುತ್ತಿದ್ದ. ನಾನು ತಿಳಿದವನು ನೋಡಿ! ಪ್ರತಿ ಸಲವೂ ಒಂದೇ ತಪ್ಪು ಹೇಳುವ ಉಪಕರಣ ಕೆಟ್ಟದ್ದಲ್ಲ, ಎಷ್ಟು ತಪ್ಪು ಎಂದು ಗೊತ್ತಿದ್ದರೆ ಅಷ್ಟನ್ನು ಕೂಡಿಸಿಕೊಂಡರೆ ಸಾಕು. ಕಾರ್ಖಾನೆಯಲ್ಲಿ ನಾವು ಎಷ್ಟೋ ಸಲ ಹಾಗೆ ಮಾಡಿದ್ದೇವೆ. ಮನೆಗೆ ಬಂದು ಒಂದು ಹಸಿರು ಚೀಟಿ ಕತ್ತರಿಸಿ, ‘ಮೂರು ಗಜ ಕೂಡಿಸಿ’ ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಸಹಿ ಹಾಕಿ ಯಂತ್ರದ ಹೊಟ್ಟೆಗೆ ಅಂಟಿಸಿದೆ. ಬೇಲಿಯ ಮೇಲಿಂದ ಅದನ್ನು ಕೊಟ್ಟಾಗ ಮುದುಕ ಚೀಟಿಯನ್ನು ಹೆಬ್ಬೆರಳಿನಿಂದ ಸವರಿದರು. “ಇದನ್ನ ನೋಡಿ ಎಷ್ಟು ಕಾಲ ಆಯ್ತು” ಎಂದರು. ಅವರು ಅದನ್ನು ಮತ್ತೆ ಪರೀಕ್ಷೆ ಮಾಡಲಿಲ್ಲ. ಮೂವತ್ತನಾಲ್ಕು ವರ್ಷದ ಅಭ್ಯಾಸ, ಹೇಗೆ ಮಾಡುತ್ತಾರೆ?

ಅಕ್ಟೋಬರ್ ಬಂತು. ಅವರ ಬಾಮೈದನ ಕಾಡು ಉತ್ತರಕ್ಕೆ ಒಂದು ಗಂಟೆಯ ದಾರಿ. ಮೊದಲ ವಾರಾಂತ್ಯ ಹೋಗಿಬಂದವರ ಮುಖ ಇಳಿದಿತ್ತು. ಒಂದು ಹೆಣ್ಣು ಜಿಂಕೆ ಬಂದು ಅಡ್ಡಲಾಗಿ ನಿಂತಿತಂತೆ. ಯಂತ್ರ ಇಪ್ಪತ್ತೇಳು ತೋರಿಸಿತು, ಮೂರು ಕೂಡಿಸಿದರು, ಮೂವತ್ತಾಯಿತು. ಅವರ ಬಿಲ್ಲಿನ ಮೇಲೆ ಇಪ್ಪತ್ತು ಗಜಕ್ಕೊಂದು, ಮೂವತ್ತು ಗಜಕ್ಕೊಂದು ಬಣ್ಣದ ಗುರಿಕಡ್ಡಿ ಇತ್ತು. ಮೂವತ್ತರ ಕಡ್ಡಿಯನ್ನು ಜಿಂಕೆಯ ಎದೆಗೆ ಇಟ್ಟು ಬಿಟ್ಟರು. ಬಾಣ ಬೆನ್ನಿನ ಮೇಲೆ ಹಾದುಹೋಯಿತು.

“ಯಂತ್ರ ಸರಿಯಾಗಿದೆ ಅಲ್ವಾ?” ಎಂದು ಕೇಳಿದರು. ಮೆತ್ತಗೇ ಕೇಳಿದರು, ಅನುಮಾನದ ದನಿಯೂ ಅಲ್ಲ.

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. “ಹತ್ತು ಸಲ ಚೆಕ್ ಮಾಡಿದೀನಿ. ಸಹಿ ಹಾಕಿ ಕೊಟ್ಟಿದೀನಿ. ಇನ್ನೇನು ಬೇಕು?” ಎಂದೆ.

“ಸರಿ ಸರಿ. ಹಾಗಾದ್ರೆ ತಪ್ಪು ನನ್ನದೇ” ಎಂದು ಅವರು ಒಳಗೆ ಹೋದರು.

ಎರಡನೆಯ ವಾರ ನಾನೂ ಹೋದೆ. ಹೆಂಡತಿ ಗೊಣಗುತ್ತಲೇ ಪುಳಿಯೋಗರೆ ಕಟ್ಟಿಕೊಟ್ಟಿದ್ದಳು. ಅವರು ಮರ ಹತ್ತಿದರು, ನಾನು ದೂರದಲ್ಲಿ ಅವರ ಪಿಕಪ್ ಟ್ರಕ್ಕಿನೊಳಗೆ ಕೂತೆ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಅವರು ಕೈಬೀಸಿ ಕರೆದರು. ಹೋಗಿ ನೋಡಿದರೆ ಬಾಣ ಹಸಿ ಮಣ್ಣಿನಲ್ಲಿ ನೆಟ್ಟಿತ್ತು. ರಕ್ತವಿಲ್ಲ, ಒಂದು ಕೂದಲೂ ಇಲ್ಲ. ಸದ್ಯ, ಪ್ರಾಣಿಗೆ ಗಾಯವಾಗಲಿಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು. ಅವರ ಕಡೆ ನೋಡಿದಾಗ ಆ ಸಮಾಧಾನ ಹೋಯಿತು. ಮರದ ಬುಡದಲ್ಲಿ ಕೂತು ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು.

“ಯಂತ್ರದಲ್ಲಿ ಇಪ್ಪತ್ತಾರಿತ್ತು. ಇಪ್ಪತ್ತೊಂಬತ್ತು ಅಂತ ಹಿಡಿದೆ. ಕೈ ಅಲುಗಲಿಲ್ಲ ಅಂತ ಅಂದುಕೊಂಡೆ. ಅಲುಗಿರಬೇಕು. ನನಗೇ ಗೊತ್ತಾಗ್ತಿಲ್ಲ ಅಂದ್ರೆ ಮುಗೀತಲ್ಲ” ಎಂದರು.

ಹಿಂತಿರುಗುವಾಗ ಟ್ರಕ್ಕನ್ನು ನನಗೇ ಡ್ರೈವ್ ಮಾಡಲು ಹೇಳಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಮುಂದಿನ ವಾರ ನೋಡೋಣ ಎಂದೆಲ್ಲ ನಾನು ಸಮಾಧಾನ ಹೇಳಿದೆ. ಎಂಥಾ ಸಮಾಧಾನ! ಈಗ ನೆನೆಸಿಕೊಂಡರೆ ಕಪಾಳಕ್ಕೆ ಹೊಡೆದುಕೊಳ್ಳುವಂತಾಗುತ್ತದೆ. 

ಮುಂದಿನ ಶನಿವಾರ ಅವರ ಗ್ಯಾರೇಜಿನ ಮುಂದೆ ಹಳೆ ಸಾಮಾನಿನ ಮಾರಾಟ. ಮೇಜುಗಳನ್ನು ಹೊರಗೆ ಹೊತ್ತು ಹಾಕಿದ್ದು ನಾನೇ. ಗರಗಸ, ಮೀನಿನ ಗಾಳ, ಮಕ್ಕಳ ಸೈಕಲ್ಲು, ಅದರ ನಡುವೆ ಬಿಲ್ಲು. ರೇಂಜ್‌ಫೈಂಡರ್ ಮಾತ್ರ ಇಟ್ಟಿರಲಿಲ್ಲ, “ಅದು ನೀನು ಆರಿಸಿಕೊಟ್ಟಿದ್ದು” ಎಂದರು. ಹನ್ನೊಂದು ಗಂಟೆಗೆ ಯಾರೋ ದಂಪತಿಗಳು ಬಂದು ಬಿಲ್ಲನ್ನು ಎಳೆದು ನೋಡಿ ಚೌಕಾಸಿ ಮಾಡದೆ ಕೊಂಡರು. ಕಾರಿನ ಹಿಂದಿನ ಸೀಟಿನಲ್ಲಿ ಅದನ್ನು ಮಲಗಿಸಿದಾಗ ಮುದುಕ ಬಾಗಿಲು ಹಾಕಲು ಸಹಾಯ ಮಾಡಿದರು. ಸಂಜೆ ಅವರ ಹೆಂಡತಿ ನನ್ನ ಹೆಂಡತಿಗೆ ಹೇಳಿದರಂತೆ, ಎರಡು ದಿನದಿಂದ ಕಾರಿನ ಕೀಲಿಕೈ ಅಡುಗೆಮನೆಯ ಮೊಳೆಯಲ್ಲೇ ತೂಗುತ್ತಿದೆ ಎಂದು.

ಮರುದಿನ ಭಾನುವಾರ. ಆ ವರ್ಷದ ಕೊನೆಯ ಆಟ. ಶಿಕಾಗೋ ಕಡೆಯ ಲೊಂಬಾರ್ಡ್‌ನಿಂದ ಐಟಿ ಹುಡುಗರ ತಂಡವೊಂದು ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದಿತ್ತು. ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನಲವತ್ತೈದು ಡಿಗ್ರಿ ಚಳಿ, ಎಲ್ಲರೂ ಜಾಕೆಟ್ ಹಾಕಿಕೊಂಡೇ ಆಡುತ್ತಿದ್ದೆವು. ನಾನು ಒಂದೇ ಓವರಿನಲ್ಲಿ ಎರಡು ವಿಕೆಟ್ ತೆಗೆದೆ. ಎರಡನೆಯದಾಗಿ ಔಟಾದವನು ಹುಬ್ಬಳ್ಳಿಯ ಹುಡುಗ, ಬ್ಯಾಟು ನೆಲಕ್ಕೆ ಕುಟ್ಟಿ ನಿಂತುಬಿಟ್ಟ.

“ಏ, ಇದೇನ್ರೀ ಪಿಚ್ಚು? ಗಿಡ್ಡ ಐತ್ರೀ ಇದು! ಬಾಲ್ ಕೈ ಬಿಟ್ಟದ್ದ ತಡ ಮಾರಿ ಮುಂದ ಬರತೈತಿ.”

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ” ಎಂದೆ ನಾನು. ನಮ್ಮ ಕಡೆಯವರೆಲ್ಲ ನಕ್ಕರು.

ಅವನು ನಗಲಿಲ್ಲ. “ನೆಲ ಡೊಂಕು ಅನ್ನಂಗಿಲ್ರೀ ನಾ. ಗಿಡ್ಡ ಅಂದೆ. ಅಳದ ನೋಡ್ರಿ. ನೀವು ಅಳತಿ ಇಂಜಿನಿಯರ್ ಅಂತಲ್ರೀ?”

ನನಗೆ ನೆತ್ತಿಗೇರಿತು. “ತನ್ರೀ ಟೇಪು! ಈಗಲೇ ಅಳೀತೀನಿ. ಇಪ್ಪತ್ತೆರಡು ಇತ್ತೋ, ಐದು ಗಂಟೆ ವಾಪಸ್ ಹೋಗೋ ದಾರಿ ಪೂರ್ತಿ ನೀನು ಬಾಯಿ ಬಿಡಬಾರದು!”

ನಮ್ಮ ಗುಂಪಿನ ಹಿರಿಯ ಅಂಕಲ್ ಒಬ್ಬರ ಮನೆ ಪಾರ್ಕಿಗೆ ಅಂಟಿಕೊಂಡೇ ಇತ್ತು. ಪಿಚ್ಚು ಹಾಕಿದವರೂ ಅವರೇ. ಬೇಲಿ ಹಾಕಿಸುವಾಗ ಕೊಂಡಿದ್ದ ನೂರು ಅಡಿಯ ಟೇಪು ತಂದುಕೊಟ್ಟರು. ಒಂದು ತುದಿ ಹುಬ್ಬಳ್ಳಿಯವನು ಹಿಡಿದ, ಇನ್ನೊಂದು ತುದಿ ನಾನು. ಅರವತ್ತಾರು ಅಡಿ ಬರಬೇಕಾಗಿತ್ತು. ಐವತ್ತೇಳು ಬಂತು. ಟೇಪು ಸಡಿಲವಾಗಿದೆ ಎಂದು ಬಿಗಿಯಾಗಿ ಎಳೆಸಿದೆ. ಐವತ್ತೇಳು. ಹತ್ತೊಂಬತ್ತು ಗಜ.

“ಅಂಕಲ್, ಆವತ್ತು ಹೇಗೆ ಅಳೆದ್ರಿ?”

“ಇಪ್ಪತ್ತೆರಡು ಹೆಜ್ಜೆ ಹಾಕಿದೆ ಕಣಪ್ಪಾ. ಒಂದು ಹೆಜ್ಜೆ ಒಂದು ಗಜ ಅಲ್ವಾ?” ಅಂಕಲ್ ಐದಡಿ ಮೂರಂಗುಲದ ಮನುಷ್ಯ.

“ಟೇಪು ಇತ್ತಲ್ಲ ನಿಮ್ಮ ಹತ್ರ!”

“ಆಗ ಇರಲಿಲ್ಲ. ಆಮೇಲೆ ಯಾರೂ ಕೇಳಲೂ ಇಲ್ಲ” ಎಂದರು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನ್ನ ಏಳು ವರ್ಷದ ಫಾಸ್ಟ್ ಬೌಲಿಂಗ್ ಬಗ್ಗೆ ಏನೇನೋ ಹೇಳುತ್ತಿದ್ದರು. ನನಗೆ ಒಂದೂ ಕೇಳಿಸುತ್ತಿರಲಿಲ್ಲ.  ಆ ಬಡ ಯಂತ್ರ ಹತ್ತು ಸಲವೂ ನಿಜವನ್ನೇ ಹೇಳಿತ್ತು. ಯಾವುದಕ್ಕೆ ಹೋಲಿಸಿ ನೋಡುತ್ತೇವೋ ಅದನ್ನು ಮೊದಲು ಅಳೆಯಬೇಕು ಎನ್ನುವುದು ನಮ್ಮ ಕಸುಬಿನ ಮೊದಲನೆಯ ಪಾಠ. ಹೊಸಬರಿಗೆ ನಾನೇ ಬೈದು ಬೈದು ಕಲಿಸಿದ ಪಾಠ. ಚೆಂಡನ್ನು ಯಾರದೋ ಕೈಗೆ ಕೊಟ್ಟು ಪಾರ್ಕಿನಿಂದ ನಡೆದುಬಿಟ್ಟೆ.

ದಾರಿಯಲ್ಲಿ ಒಂದು ಕ್ಷಣ, ಹೇಳದಿದ್ದರೆ ಏನು ಎಂದೂ ಯೋಚಿಸಿದೆ. ಸುಳ್ಳೇಕೆ ಹೇಳಲಿ. ಬಿಲ್ಲು ಹೋಗಿಯಾಗಿದೆ, ಯಾರು ಕೊಂಡರೋ ಗೊತ್ತಿಲ್ಲ, ಈಗ ಹೇಳಿ ಪ್ರಯೋಜನವೇನು? ಅವರಿಗೂ ನೋವು, ನನಗೂ ಮರ್ಯಾದೆಗೇಡು. ಆದರೆ ಆ ಮೊಳೆಯಲ್ಲಿ ತೂಗುವ ಕೀಲಿಕೈ ಕಣ್ಣ ಮುಂದೆ ಬಂತು. ಕಾಲು ಅವರ ಗ್ಯಾರೇಜಿನತ್ತಲೇ ನಡೆಯಿತು.

ಅವರು ಹಿಂದಿನ ದಿನದ ಮೇಜುಗಳನ್ನು ಮಡಚುತ್ತಿದ್ದರು. ನಿಂತಲ್ಲೇ ಹೇಳಿದೆ. ಪಿಚ್ಚು, ಹೆಜ್ಜೆ, ಹತ್ತೊಂಬತ್ತು, ನಾನು ಅಂಟಿಸಿದ ಚೀಟಿ. “ಯಂತ್ರ ಸರಿಯಾಗೇ ಇತ್ತು. ತಪ್ಪು ಮಾಡಿದ್ದು ನಾನು. ನೀವು ಕೇಳಿದಾಗ ಸಿಡುಕಿದೆ ಬೇರೆ.”

ಅವರು ಒಂದು ರಟ್ಟಿನ ಪೆಟ್ಟಿಗೆ ಎಳೆದುಕೊಂಡು, ಕಿವಿಯ ಹಿಂದಿದ್ದ ಪೆನ್ಸಿಲ್ ತೆಗೆದು, ಬಾಣ ಹೋಗುವ ಬಾಗಿದ ಗೆರೆ ಬರೆದರು.

“ಹಾಗಾದ್ರೆ ಅದು ನಿಜವಾಗ್ಲೂ ಇಪ್ಪತ್ತೇಳೇ.”

“ಇಪ್ಪತ್ತೇಳೇ.”

“ನಾನು ಮೂವತ್ತರ ಕಡ್ಡಿ ಇಟ್ಟೆ. ನನ್ನ ಬಿಲ್ಲು ನಿಧಾನದ್ದು. ಐದು ಇಂಚು ಮೇಲೆ ಹೋಗತ್ತೆ. ದಾರದ ಸದ್ದಿಗೆ ಜಿಂಕೆ ಸ್ವಲ್ಪ ಬಗ್ಗತ್ತೆ.” ಪೆನ್ಸಿಲ್ ಗೆರೆಯ ಮೇಲೆ ನಿಂತಿತು. “ಬೆನ್ನಿನ ಮೇಲೆ. ಎರಡು ಸಲವೂ.”

“ಹೌದು.”

“ನಾನು ಕಳಿಸಿದ ಕಡೆಗೇ ಹೋಗಿದೆ ಬಾಣ” ಎಂದರು. ಮತ್ತೊಮ್ಮೆ ಅದನ್ನೇ ಹೇಳಿದರು. ಬೈಗುಳಕ್ಕೆ ನಾನು ತಯಾರಾಗಿಯೇ ನಿಂತಿದ್ದೆ, ಬೈದರೆ ಒಳ್ಳೆಯದು ಎಂದೂ ಅನ್ನಿಸುತ್ತಿತ್ತು. ಅವರ ನೋಡುವ ಕಣ್ಣೂ ನೋಡದ ಕಣ್ಣೂ ಎರಡೂ ತುಂಬಿಕೊಂಡವು. ಗ್ಯಾರೇಜಿನಿಂದ ಅಡುಗೆಮನೆಗೆ ಹೋಗುವ ಬಾಗಿಲನ್ನು ಪೂರ್ತಿ ತೆರೆದರು. ಒಳಗೆ ಅವರ ಹೆಂಡತಿ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದರು.

“ನಲ್ಲಿ ನಿಲ್ಲಿಸು, ಇವನು ಹೇಳೋದು ಕೇಳು” ಎಂದು ಕೂಗಿ, ನನ್ನ ಕಡೆ ತಿರುಗಿದರು. “ಮೊದಲಿಂದ ಹೇಳು. ಅವಳಿಗೆ ಕೇಳಿಸೋ ಹಾಗೆ, ಗಟ್ಟಿಯಾಗಿ.”

ನಲ್ಲಿಯ ಸದ್ದು ನಿಂತಿತು. ತಪ್ಪು ನನ್ನದು, ಅವರದಲ್ಲ ಎಂದು ಗಟ್ಟಿಯಾಗಿ ಹೇಳಿದೆ.